ಕ್ಯಾನ್ಸರ್ ಕೋಶದ ಸಾವು, ದೇಹದ ಎಚ್ಚರ

ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಈಚೆಗೆ ಬರುವ ಬಹುತೇಕ ಬರಹಗಳು ಕೀಮೋಥೆರಪಿಯನ್ನು ಹಳೆಯ ಕಾಲದ ವಿಷ ಎಂದೂ ಇಮ್ಯುನೋಥೆರಪಿಯನ್ನು ಹೊಸ ಕಾಲದ ವಿಜ್ಞಾನ ಎಂದೂ ಬೇರ್ಪಡಿಸಿಬಿಡುತ್ತವೆ. ಒಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ ಎಂಬುದು ಅವುಗಳ ತೀರ್ಮಾನ. ಈ ಕ್ಷೇತ್ರದೊಳಗೇ ಬೆಳೆದ ನನ್ನಂಥವರು ಇದನ್ನು ಒಪ್ಪಲಾರೆವು. ಕೆಲವು ಹಳೆಯ ಔಷಧಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವ ರೀತಿಯಿಂದಲೇ ದೇಹವನ್ನು ಗೆಡ್ಡೆಯ ವಿರುದ್ಧ ಎಬ್ಬಿಸುತ್ತವೆ. ಈ ಸಂಗತಿ ಬೆಳಕಿಗೆ ಬಂದು ಇಪ್ಪತ್ತು ವರ್ಷ ಕಳೆದಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1972ರಲ್ಲಿ ಕೆರ್, ವೈಲಿ ಮತ್ತು ಕರೀ ಜೀವಕೋಶದ ಕ್ರಮಬದ್ಧ ಸಾವನ್ನು ವಿವರಿಸಿ ಅದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಮರುವರ್ಷ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಡೆಂಡ್ರಿಟಿಕ್ ಕೋಶಗಳನ್ನು ಗುರುತಿಸಿದರು. ಈ ಕೋಶಗಳು ಶತ್ರುವಿನ ತುಣುಕುಗಳನ್ನು ಹೆಕ್ಕಿ ಟಿ-ಕೋಶಗಳಿಗೆ ತೋರಿಸುತ್ತವೆ. 1994ರಲ್ಲಿ ಪಾಲಿ ಮ್ಯಾಟ್ಜಿಂಗರ್, ರೋಗನಿರೋಧಕ ವ್ಯವಸ್ಥೆ ಪರಕೀಯತೆಗಿಂತ ಹೆಚ್ಚಾಗಿ ಅಪಾಯದ ಸುಳಿವಿಗೆ ಸ್ಪಂದಿಸುತ್ತದೆ ಎಂದು ವಾದಿಸಿದರು. ಆದರೂ ಅಪಾಪ್ಟೋಸಿಸ್ ಎಂದರೆ ಸದ್ದಿಲ್ಲದ ಸಾವು, ದೇಹ ಅದನ್ನು ಗಮನಿಸುವುದೇ ಇಲ್ಲ ಎಂಬ ನಂಬಿಕೆ ಪಠ್ಯಪುಸ್ತಕಗಳಲ್ಲಿ ಹಾಗೇ ಉಳಿದಿತ್ತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2005ರಲ್ಲಿ. ಪ್ಯಾರಿಸ್ ಪಕ್ಕದ ವಿಲ್‌ಜ್ವಿಫ್‌ನಲ್ಲಿರುವ ಗುಸ್ತಾವ್ ರೂಸಿ ಸಂಸ್ಥೆಯಲ್ಲಿ ಲಾರೆನ್ಸ್ ಜಿಟ್‌ವೋಗೆಲ್ ಮತ್ತು ಗೀಡೊ ಕ್ರೋಮರ್ ಅವರ ತಂಡ ನಡೆಸಿದ ಪ್ರಯೋಗ ಸರಳವಾಗಿತ್ತು. ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳನ್ನು ಹಳೆಯ ಕೀಮೋ ಔಷಧವಾದ ಡಾಕ್ಸೊರುಬಿಸಿನ್‌ನಿಂದ ಸಾಯಿಸಿ, ಆರೋಗ್ಯವಂತ ಇಲಿಯ ಒಂದು ಪಕ್ಕೆಗೆ ಚುಚ್ಚಿದರು. ಬೇರೆ ಯಾವ ಉತ್ತೇಜಕವನ್ನೂ ಬೆರೆಸಲಿಲ್ಲ. ಕೆಲದಿನಗಳ ಬಳಿಕ ಅದೇ ಜಾತಿಯ ಜೀವಂತ ಕೋಶಗಳನ್ನು ಇನ್ನೊಂದು ಪಕ್ಕೆಗೆ ಕೊಟ್ಟರು. ಹೆಚ್ಚಿನ ಇಲಿಗಳಲ್ಲಿ ಗೆಡ್ಡೆ ಬೆಳೆಯಲಿಲ್ಲ. ಮೈಟೊಮೈಸಿನ್‌ನಿಂದ ಸತ್ತ ಕೋಶಗಳಿಗೆ ಈ ಗುಣ ಇರಲಿಲ್ಲ. ಕ್ಯಾಸ್ಪೇಸ್ ಕಿಣ್ವಗಳನ್ನು ತಡೆದಾಗ ಡಾಕ್ಸೊರುಬಿಸಿನ್ ಕೋಶಗಳನ್ನು ಕೊಲ್ಲುವುದು ನಿಲ್ಲಲಿಲ್ಲ, ದೇಹವನ್ನು ಎಚ್ಚರಿಸುವುದು ಮಾತ್ರ ನಿಂತುಹೋಯಿತು. ಕೋಶ ಸತ್ತರೆ ಸಾಲದು, ಹೇಗೆ ಸಾಯುತ್ತದೆ ಎಂಬುದೇ ಮುಖ್ಯ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಅದಕ್ಕೆ ಮೊದಲು ಇರಲಿಲ್ಲ.

ಸಾಯುವ ಕೋಶ ದೇಹವನ್ನು ಎಚ್ಚರಿಸುವುದು ಕೆಲವು ಅಪಾಯದ ಸುಳಿವುಗಳ ಮೂಲಕ. ಮುಂದಿನ ಹತ್ತು ವರ್ಷಗಳಲ್ಲಿ ಆ ಸುಳಿವುಗಳು ಒಂದೊಂದಾಗಿ ಪತ್ತೆಯಾದವು. 2007ರಲ್ಲಿ ಕ್ಯಾಲ್‌ರೆಟಿಕ್ಯುಲಿನ್ ಸಿಕ್ಕಿತು. ಸಾಮಾನ್ಯವಾಗಿ ಕೋಶದೊಳಗೆ ಇರುವ ಈ ಪ್ರೋಟೀನು ಸಾವಿಗೆ ಮುಂಚೆಯೇ ಹೊರಮೈಗೆ ಬಂದು, ‘ನನ್ನನ್ನು ನುಂಗು’ ಎಂದು ಡೆಂಡ್ರಿಟಿಕ್ ಕೋಶಕ್ಕೆ ಸೂಚನೆ ಕೊಡುತ್ತದೆ. ಅದೇ ವರ್ಷ, ಸತ್ತ ಕೋಶದಿಂದ ಸೋರುವ ಎಚ್‌ಎಂಜಿಬಿ1 ಪ್ರೋಟೀನು ಟಿಎಲ್‌ಆರ್4 ಗ್ರಾಹಕವನ್ನು ಕೆಣಕುತ್ತದೆ ಎಂದು ತಿಳಿಯಿತು. 2009ರಲ್ಲಿ ಎಟಿಪಿಯ ಪಾತ್ರ ಹೊರಬಿತ್ತು. 2014ರಲ್ಲಿ ಟೈಪ್-1 ಇಂಟರ್‌ಫೆರಾನ್, 2015ರಲ್ಲಿ ಅನೆಕ್ಸಿನ್ ಎ1 ಈ ಸಾಲಿಗೆ ಸೇರಿದವು. ಆಕ್ಸಾಲಿಪ್ಲಾಟಿನ್ ಮತ್ತು ಸಿಸ್‌ಪ್ಲಾಟಿನ್ ಎರಡೂ ಪ್ಲಾಟಿನಂ ಔಷಧಗಳೇ. ಮೊದಲನೆಯದು ಕ್ಯಾಲ್‌ರೆಟಿಕ್ಯುಲಿನ್ ಅನ್ನು ಹೊರಗೆ ತರುತ್ತದೆ, ಎರಡನೆಯದು ತರುವುದಿಲ್ಲ ಎಂಬ 2010ರ ಫಲಿತಾಂಶ ನನಗೆ ಈಗಲೂ ಈ ಕ್ಷೇತ್ರದ ಅತ್ಯಂತ ಸೊಗಸಾದ ಹೋಲಿಕೆ. ಟಿಎಲ್‌ಆರ್4 ಜೀನ್ ದುರ್ಬಲವಾಗಿದ್ದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಆಂಥ್ರಾಸೈಕ್ಲಿನ್ (ಡಾಕ್ಸೊರುಬಿಸಿನ್ ಸೇರಿದ ಔಷಧ ಗುಂಪು) ಚಿಕಿತ್ಸೆಯ ನಂತರ ರೋಗ ಬೇಗ ಮರುಕಳಿಸಿದ್ದನ್ನೂ ಇದೇ ತಂಡ ಗುರುತಿಸಿತು. ಇಲಿಯಿಂದ ಮನುಷ್ಯನತ್ತ ಅದು ಮೊದಲ ಹೆಜ್ಜೆ.

ಆಕ್ಷೇಪಗಳೂ ಬಂದವು, ಬರಬೇಕಾದದ್ದೇ. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕರಿನ್ ಡೆ ವಿಸರ್ ಅವರ ಗುಂಪು, ಇಲಿಯಲ್ಲಿ ತಾನಾಗಿ ಹುಟ್ಟಿದ ಸ್ತನ ಗೆಡ್ಡೆಗಳಿಗೆ ಕೀಮೋ ಕೊಟ್ಟಾಗ ಟಿ-ಕೋಶಗಳ ನೆರವಿಲ್ಲದೆಯೇ ಅವು ಸ್ಪಂದಿಸಿದವು ಎಂದು ವರದಿ ಮಾಡಿತು. ಕಸಿ ಮಾಡಿದ ಗೆಡ್ಡೆಗೂ ನಿಜವಾದ ಗೆಡ್ಡೆಗೂ ಇರುವ ಅಂತರವನ್ನು ನಮ್ಮ ಪೈಕಿ ಹಲವರು ಲಘುವಾಗಿ ಕಂಡಿದ್ದರು. ಅಷ್ಟರಲ್ಲೇ, 2011ರಲ್ಲಿ, ಅಮೆರಿಕದಲ್ಲಿ ಇಪಿಲಿಮುಮ್ಯಾಬ್‌ಗೆ ಅನುಮತಿ ಸಿಕ್ಕಿತ್ತು. ಟಿ-ಕೋಶಗಳ ಬ್ರೇಕ್ ಸಡಿಲಿಸುವ ಔಷಧಗಳ ಯುಗ ಶುರುವಾಗಿ, ಹಣ ಮತ್ತು ಗಮನ ಎರಡೂ ಅತ್ತ ಹರಿದವು. ಆ ಔಷಧಗಳು ಮಹತ್ವದವೇ. ಆದರೆ ಗೆಡ್ಡೆಯ ಗುರುತೇ ಹತ್ತದ ಟಿ-ಕೋಶದ ಬ್ರೇಕ್ ಸಡಿಲಿಸಿ ಏನು ಫಲ? 2019ರ ಡಚ್ ಟಾನಿಕ್ ಪ್ರಯೋಗ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ ಇದ್ದವರಲ್ಲಿ ಬ್ರೇಕ್ ಸಡಿಲಿಸುವ ಔಷಧವಾದ ನಿವೊಲುಮ್ಯಾಬ್‌ಗೆ ಒಟ್ಟಾರೆ ಶೇ. 20ರಷ್ಟು ಮಂದಿ ಸ್ಪಂದಿಸಿದರೆ, ಮೊದಲು ಸ್ವಲ್ಪ ಡಾಕ್ಸೊರುಬಿಸಿನ್ ಪಡೆದ ಗುಂಪಿನಲ್ಲಿ ಅದು ಶೇ. 35. ಗುಂಪುಗಳು ಚಿಕ್ಕವು, ಅಂತಿಮ ತೀರ್ಪು ಕೊಡಲಾಗದು. ಹಾಗೆಂದು ಪಕ್ಕಕ್ಕೆ ಸರಿಸುವ ಫಲಿತಾಂಶವೂ ಅಲ್ಲ.

ಉಳಿದಿರುವ ಕೆಲಸ ದೊಡ್ಡದು. ಎಷ್ಟು ಡೋಸ್, ಯಾವ ಕ್ರಮ, ಎಷ್ಟು ಅಂತರ ಎಂಬುದನ್ನು ಇಂದಿಗೂ ಕೋಶ ಕೊಲ್ಲುವ ಲೆಕ್ಕದಲ್ಲೇ ನಿರ್ಧರಿಸುತ್ತೇವೆ, ಎಚ್ಚರಿಸುವ ಲೆಕ್ಕದಲ್ಲಿ ಅಲ್ಲ. ವಾಂತಿ ತಡೆಯಲು ಕೀಮೋಗೆ ಮುಂಚೆ ಕೊಡುವ ಡೆಕ್ಸಾಮೆಥಾಸೋನ್ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸ್ಟಿರಾಯ್ಡ್. ಅದು ಈ ಲಾಭವನ್ನು ಎಷ್ಟು ತಿನ್ನುತ್ತದೆ ಎಂದು ರೋಗಿಗಳಲ್ಲಿ ಅಳೆಯುವುದು ಅಗತ್ಯ. ಪೇಟೆಂಟ್ ಮುಗಿದ ಔಷಧದ ಮೇಲೆ ದೊಡ್ಡ ಪ್ರಯೋಗಕ್ಕೆ ಹಣ ಹೂಡಲು ಕಂಪನಿಗಳಿಗೆ ಕಾರಣವಿಲ್ಲ. ಹಾಗಾಗಿ ಸಾರ್ವಜನಿಕ ಸಂಸ್ಥೆಗಳೇ ಮುಂದೆ ಬರಬೇಕು.

ಡಾಕ್ಸೊರುಬಿಸಿನ್ ನಮ್ಮ ಕೀಮೋ ವಾರ್ಡುಗಳಿಗೆ ಹೊಸದಲ್ಲ. ಕೆಂಪು ಬಣ್ಣದ ಇಂಜೆಕ್ಷನ್, ಕೊಟ್ಟ ಮೇಲೆ ಮೂತ್ರವೂ ಕೆಂಪಾಗುತ್ತದೆ, ಗಾಬರಿಯಾಗಬೇಡಿ ಎಂದು ನರ್ಸ್ ಮೊದಲೇ ಹೇಳಿರುತ್ತಾರೆ. ನಿವೊಲುಮ್ಯಾಬ್‌ನ ಬೆಲೆ ಭರಿಸಲಾಗದ ಕುಟುಂಬಕ್ಕೂ ಇದು ಕೈಗೆಟುಕುತ್ತದೆ. ಆದ್ದರಿಂದ ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ಇಷ್ಟೇ: ರೋಗಿಯ ಒಪ್ಪಿಗೆ ಪಡೆದು, ಮೊದಲ ಸೈಕಲ್‌ನ ಮುಂಚೆ ಮತ್ತು ನಂತರ ಸ್ವಲ್ಪ ರಕ್ತವನ್ನೂ ಸಾಧ್ಯವಾದಲ್ಲಿ ಗೆಡ್ಡೆಯ ಚೂರನ್ನೂ ತೆಗೆದಿಡಿ. ಈ ಔಷಧ ಹೆಚ್ಚು ಬಳಕೆಯಲ್ಲಿರುವ ಕಡೆಯೇ ಅದರ ಪೂರ್ಣ ಕೆಲಸದ ಅಧ್ಯಯನವೂ ನಡೆಯಬೇಕು.