ಸಮತಟ್ಟಲ್ಲದ ನೆಲದಲ್ಲಿ ಏರುವೇದಿಕೆಗಳ ಸುರಕ್ಷಿತ ಬಳಕೆ

ಏರುವೇದಿಕೆ ಎಂದರೆ ಕೆಲಸಗಾರರನ್ನು ಉಪಕರಣಗಳೊಡನೆ ಎತ್ತರದ ಸ್ಥಳಕ್ಕೆ ಒಯ್ಯುವ, ಸುತ್ತಲೂ ಕಟಕಟೆಯುಳ್ಳ ಯಾಂತ್ರಿಕ ವೇದಿಕೆ. ಕತ್ತರಿಯಾಕಾರದ ತೋಳುಗಳಿಂದ ನೇರವಾಗಿ ಮೇಲೇರುವ ಸಿಸರ್ ಲಿಫ್ಟ್, ಉದ್ದನೆಯ ತೋಳಿನ ತುದಿಯಲ್ಲಿ ಬುಟ್ಟಿಯಿರುವ ಬೂಮ್ ಲಿಫ್ಟ್ ಹಾಗೂ ಲಾರಿಯ ಮೇಲೆ ಅಳವಡಿಸಿದ ಲಿಫ್ಟ್ ಇದರ ಮುಖ್ಯ ಬಗೆಗಳು. ಕಟ್ಟಡ ನಿರ್ಮಾಣ, ಬೀದಿದೀಪಗಳ ದುರಸ್ತಿ ಮೊದಲಾದ ಕಾರ್ಯಗಳಲ್ಲಿ ಇವು ಬಳಕೆಯಲ್ಲಿವೆ. ಇಳಿಜಾರು, ಹಳ್ಳದಿಣ್ಣೆ ಅಥವಾ ಮೆತ್ತನೆಯ ನೆಲದಲ್ಲಿ ಇವು ಮಗುಚಿಬೀಳುವ ಅಪಾಯವಿದೆ.

ಸ್ಥಿರತೆಯ ತತ್ವ

ಯಂತ್ರದ ಗುರುತ್ವ ಕೇಂದ್ರದಿಂದ ನೇರವಾಗಿ ಕೆಳಕ್ಕೆ ಎಳೆದ ರೇಖೆಯು ಚಕ್ರಗಳು ಅಥವಾ ಆಧಾರಗಾಲುಗಳು ಸುತ್ತುವರಿದ ತಳದ ಒಳಗೆ ಬೀಳುವವರೆಗೆ ಮಾತ್ರ ಅದು ನಿಲ್ಲಬಲ್ಲದು. ಚಕ್ರಗಳ ನಡುವೆ 1.2 ಮೀಟರ್ ಅಂತರವಿರುವ ಯಂತ್ರದ ಒಂದು ಬದಿಯು 6 ಸೆಂಟಿಮೀಟರ್ ತಗ್ಗಿಗೆ ಇಳಿದರೆ ತಳವು ಸುಮಾರು 3 ಡಿಗ್ರಿ ವಾಲುತ್ತದೆ. ಆಗ 10 ಮೀಟರ್ ಎತ್ತರದಲ್ಲಿರುವ ವೇದಿಕೆ ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗಾಳಿಯ ಒತ್ತಡ, ಹಠಾತ್ ಚಲನೆ ಮತ್ತು ಮಿತಿಮೀರಿದ ಭಾರ ಈ ಅಪಾಯವನ್ನು ಹೆಚ್ಚಿಸುತ್ತವೆ.

ಯಂತ್ರವು ಹತ್ತಬಲ್ಲ ಇಳಿಜಾರು ಬೇರೆ, ವೇದಿಕೆಯನ್ನು ಮೇಲೆತ್ತಿ ಕೆಲಸ ಮಾಡಬಹುದಾದ ಇಳಿಜಾರು ಬೇರೆ. ಮೊದಲನೆಯದು ವೇದಿಕೆಯನ್ನು ಪೂರ್ಣವಾಗಿ ಇಳಿಸಿ ಚಲಿಸುವಾಗ ಮಾತ್ರ ಅನ್ವಯಿಸುತ್ತದೆ. ಎರಡನೆಯದು ಅದಕ್ಕಿಂತ ಬಹಳ ಕಡಿಮೆ.

ನೆಲದ ಪರೀಕ್ಷೆ

ಕೆಲಸಕ್ಕೆ ಮೊದಲು ನೆಲವನ್ನು ನಡೆದು ನೋಡಬೇಕು. ಹೊಸದಾಗಿ ಮುಚ್ಚಿದ ಕಾಲುವೆ, ಮ್ಯಾನ್‌ಹೋಲ್ ಮುಚ್ಚಳ, ನೆಲದಡಿಯ ತೊಟ್ಟಿ, ಅಗೆದ ಗುಂಡಿಯ ಅಂಚು ಇವು ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಭಾರಕ್ಕೆ ಕುಸಿಯಬಹುದು. ಉತ್ತರ ಕರ್ನಾಟಕದ ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ, ಮಳೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಮಳೆಯ ಬಳಿಕ ಮರುಪರೀಕ್ಷೆ ಅವಶ್ಯಕ.

ಆಧಾರಗಾಲುಗಳು

ಆಧಾರಗಾಲುಗಳುಳ್ಳ ಯಂತ್ರಗಳಲ್ಲಿ ಅವುಗಳ ಕೆಳಗೆ ಅಗಲವಾದ ಹಲಗೆಗಳನ್ನು ಇಡಲಾಗುತ್ತದೆ. 20 ಸೆಂಟಿಮೀಟರ್ ಚದರದ ಪಾದಕ್ಕೆ ಬದಲಾಗಿ 60 ಸೆಂಟಿಮೀಟರ್ ಚದರದ ಗಟ್ಟಿ ಹಲಗೆಯ ಮೂಲಕ ಭಾರ ಹರಡಿದರೆ ನೆಲದ ಮೇಲಿನ ಒತ್ತಡ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಟ್ಟಿಗೆ, ಕಲ್ಲಿನ ಚೂರುಗಳನ್ನು ಪೇರಿಸಿ ಮಟ್ಟ ಮಾಡುವುದು ಅಪಾಯಕರ. ಸಮಮಟ್ಟವನ್ನು ರಸಮಟ್ಟದಿಂದ ಖಚಿತಪಡಿಸಿಕೊಂಡ ಮೇಲೆಯೇ ವೇದಿಕೆಯನ್ನು ಏರಿಸಬೇಕು.

ವಾಲುವಿಕೆಯ ಎಚ್ಚರಿಕೆ

ಇಂದಿನ ಬಹುತೇಕ ಏರುವೇದಿಕೆಗಳಲ್ಲಿ ವಾಲುವಿಕೆ ಮಿತಿಮೀರಿದಾಗ ಸದ್ದು ಮಾಡುವ ಸಾಧನವಿರುತ್ತದೆ. ಇದನ್ನು ನಿಷ್ಕ್ರಿಯಗೊಳಿಸಬಾರದು. ಸಿಸರ್ ಲಿಫ್ಟ್‌ನಲ್ಲಿ ಎಚ್ಚರಿಕೆ ಕೇಳಿದೊಡನೆ ವೇದಿಕೆಯನ್ನು ಇಳಿಸಿ, ಬಳಿಕ ಯಂತ್ರವನ್ನು ಸಮತಟ್ಟಾದ ಜಾಗಕ್ಕೆ ಸಾಗಿಸಬೇಕು. ಬೂಮ್ ಲಿಫ್ಟ್‌ನ ತೋಳು ಇಳಿಜಾರಿನ ಕೆಳಬದಿಗೆ ಚಾಚಿದ್ದರೆ ಸಾಮಾನ್ಯವಾಗಿ ಮೊದಲು ಅದನ್ನು ಒಳಕ್ಕೆ ಎಳೆದುಕೊಂಡು ಅನಂತರ ತಗ್ಗಿಸಲಾಗುತ್ತದೆ. ಚಾಚಿದಂತೆಯೇ ತಗ್ಗಿಸಿದರೆ ಭಾರ ಇನ್ನಷ್ಟು ಹೊರಕ್ಕೆ ಸರಿಯುತ್ತದೆ. ಆಯಾ ಯಂತ್ರದ ಕೈಪಿಡಿಯಲ್ಲಿನ ಕ್ರಮವೇ ಅಂತಿಮ.

ಇತರ ಮುನ್ನೆಚ್ಚರಿಕೆಗಳು

ಬೂಮ್ ಲಿಫ್ಟ್‌ನಲ್ಲಿರುವವರು ಸುರಕ್ಷಾ ಪಟ್ಟಿಯನ್ನು ಬುಟ್ಟಿಯಲ್ಲಿ ನಿಗದಿಪಡಿಸಿದ ಕೊಂಡಿಗೆ ಸಿಕ್ಕಿಸಿರಬೇಕು. ಇದು ಬುಟ್ಟಿಯಿಂದ ಎಸೆಯಲ್ಪಡುವುದನ್ನು ತಡೆಯುತ್ತದೆಯೇ ಹೊರತು ಯಂತ್ರ ಮಗುಚುವುದನ್ನಲ್ಲ. ನೆಲದ ಮೇಲಿನ ನಿಯಂತ್ರಣಗಳಿಂದ ವೇದಿಕೆಯನ್ನು ಇಳಿಸಬಲ್ಲ ತರಬೇತಿ ಪಡೆದ ವ್ಯಕ್ತಿಯೊಬ್ಬರು ಸಮೀಪದಲ್ಲಿರುವುದು ಅಗತ್ಯ. ಏರುವೇದಿಕೆಗಳ ತಪಾಸಣೆ, ನಿರ್ವಹಣೆ ಮತ್ತು ಚಾಲನೆಯ ಸುರಕ್ಷತಾ ತತ್ವಗಳನ್ನು ಐಎಸ್‌ಒ 18893 ಅಂತರರಾಷ್ಟ್ರೀಯ ಮಾನಕವು ವಿವರಿಸುತ್ತದೆ.