ಗೇಟಿನ ಮೇಲಿನ ಮೂರು ಅಕ್ಷರ

ಇವತ್ತಿನ ಮಾತು ಒಂದು ಹಳೇ ಕಾಲಿಂಗ್ ಬೆಲ್ಲಿನಿಂದ ಶುರು.

ನಾನಿರೋದು ಮುಲುಂಡ್ ವೆಸ್ಟಿನಲ್ಲಿ. ಗ್ರೌಂಡ್ ಪ್ಲಸ್ ಮೂರು ಮಹಡಿ, ಹದಿನಾರು ಮನೆ, ಲಿಫ್ಟ್ ಇಲ್ಲ. ಪಾಲಿಕೆ ನೀರು ಬೆಳಗಿನ ಜಾವ ಬರುತ್ತೆ. ಅದು ಕೆಳಗಿನ ಟ್ಯಾಂಕಿಗೆ ಬಿದ್ದ ಮೇಲೆ ಪಂಪ್ ಹಾಕಿ ಟೆರೇಸ್ ಟ್ಯಾಂಕಿಗೆ ಏರಿಸಬೇಕು. ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಮೂರನೇ ಮಹಡಿಯ ಕಾಕಾ ಮನೆಯಲ್ಲಿ ಬೆಲ್ ಹೊಡೆಯುತ್ತೆ, ಅವರು ಎದ್ದು ಸ್ವಿಚ್ ಆರಿಸ್ತಾರೆ. ಆ ಬೆಲ್ ಅವರೇ ಮಾಡಿದ್ದು. ಒಂದು ಪ್ಲಾಸ್ಟಿಕ್ ಡಬ್ಬಿ, ಎರಡು ಹಿತ್ತಾಳೆ ಪಟ್ಟಿ, ಒಂದಿಷ್ಟು ವೈರು, ಒಂದು ಬ್ಯಾಟರಿ. ನೀರು ಏರಿದಾಗ ಡಬ್ಬಿ ತೇಲುತ್ತೆ, ಪಟ್ಟಿಗೆ ಪಟ್ಟಿ ತಾಗುತ್ತೆ, ಬೆಲ್ ಬಾರಿಸುತ್ತೆ. ಅಷ್ಟೇ. ಕಾಕಾ ಇಲ್ಲೇ ಎಲ್‌ಬಿಎಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಇದನ್ನ ಮಾಡಿ ಮೂವತ್ತು ವರ್ಷದ ಮೇಲಾಯ್ತು.

ನಾನು ಸುಮ್ಮನಿರಬೇಕಲ್ಲ? ಸಾಫ್ಟ್‌ವೇರಿನವನು. ಒಂದು ವೈ-ಫೈ ಬೋರ್ಡು, ಸೆನ್ಸರು, ಫೋನಿಗೆ ನೋಟಿಫಿಕೇಶನ್ ಎಲ್ಲಾ ಕೂಡಿಸಿ ವಾರಾಂತ್ಯದ ಪ್ರಾಜೆಕ್ಟ್ ಮಾಡಿದೆ. ಮೊದಲ ಮಳೆಗಾಲ ಹೇಗೋ ತಡೀತು. ಎರಡನೇ ಮಳೆಗಾಲದಲ್ಲಿ ಟ್ಯಾಂಕ್ ತುಂಬಿ ಗೋಡೆಯುದ್ದಕ್ಕೂ ನೀರು ಸುರೀತಿದ್ರೂ ನನ್ನ ಫೋನು ತಣ್ಣಗೆ ಮಲಗಿತ್ತು. ಕಾಕಾ ಬೈಯಲಿಲ್ಲ. ನನ್ನ ಡಬ್ಬಿ ಬಿಚ್ಚಿ, ಕನ್ನಡಕ ಏರಿಸಿ ನೋಡಿ, "ಸೆಕ್ರೆಟರಿ ಸಾಹೇಬ್, ಇದರೊಳಗೆ ಇಷ್ಟೊಂದು ಯಾಕೆ ತುಂಬಿದ್ದೀರಿ?" ಅಂದ್ರು.

ಹೌದು, ನಾನು ನಮ್ಮ ಸೊಸೈಟಿಯ ಸೆಕ್ರೆಟರಿ. ಆಸೆಪಟ್ಟು ಆದದ್ದಲ್ಲ, ಮೀಟಿಂಗಿಗೆ ತಡವಾಗಿ ಹೋದವನ ತಲೆಗೆ ಕಟ್ಟಿದ್ದು. ಈಗ ಆ ಕಟ್ಟಡವನ್ನೇ ಕೆಡವಿ ಹೊಸ ಟವರ್ ಕಟ್ಟುವ ಮಾತುಕತೆ ನಡೀತಿದೆ. ಮುಲುಂಡಿನಲ್ಲಿರೋ ನಿಮಗೆ ಇದು ಹೊಸದಲ್ಲ, ಗಲ್ಲಿಗೊಂದು ಹಸಿರು ಪರದೆ ಕಟ್ಟಿದ ಕಟ್ಟಡ ಕಾಣುತ್ತೆ. ಹದಿನಾರರಲ್ಲಿ ಹದಿನೈದು ಮನೆಯವರು ಒಪ್ಪಿದ್ರು. ಒಪ್ಪದೇ ಉಳಿದವರು ಕಾಕಾ. ಕಾಗದಪತ್ರ ಹುಡುಕೋಣ ಅಂತ ಸೊಸೈಟಿ ಕಪಾಟು ತೆಗೆದಾಗ ಹಳೇ ಮಿನಿಟ್ಸ್ ಪುಸ್ತಕಗಳು ಸಿಕ್ಕವು. ಅವನ್ನ ಓದ್ತಾ ಓದ್ತಾ ನನಗೆ ಬಂದ ಪ್ರಶ್ನೆ ಇದು: ನಮ್ಮ ಗೇಟಿನ ಮೇಲೆ ಕಟ್ಟಡದ ಹೆಸರಿನ ಮುಂದೆ ಬರೆದಿರೋ ಸಿ.ಎಚ್.ಎಸ್. ಅನ್ನೋ ಮೂರು ಅಕ್ಷರ ಎಲ್ಲಿಂದ ಬಂತು? ಕೋಆಪರೇಟಿವ್ ಹೌಸಿಂಗ್ ಸೊಸೈಟಿ. ಮುಂಬೈಗೆ ಬಂದ ದಿನದಿಂದ ನೋಡ್ತಾನೇ ಇದ್ದೀವಿ, ಓದಿಲ್ಲ.

ಹುಡುಕ್ತಾ ಹೋದರೆ ದಾರಿ ನಮ್ಮ ಕಡೆಗೇ ತಿರುಗಿತು!

ನಾನು ಗದಗದ ಕಡೆಯವನು. ನಮ್ಮೂರಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಲೆಕ್ಕ ಮಾತ್ರ ಇದೆ, ಅದು ಎಲ್ಲರ ತಲೆಯಲ್ಲೂ ಇರುತ್ತೆ. ಆದ್ರೆ ಬೀಜಕ್ಕೆ, ಎತ್ತಿಗೆ ರೊಕ್ಕ ಬೇಕಾದಾಗ ಮುಯ್ಯಿ ಸಾಲದು, ಸಾವುಕಾರನ ಮನೆ ಬಾಗಿಲೇ ಗತಿ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನ ಸೇರಿಸಿ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಸಹಕಾರಿ ಸಂಘಗಳಲ್ಲಿ ಅದೂ ಒಂದು. ಆ ಸಂಘದ ಹೆಸರನ್ನ ನಾನು ಶಾಲೆಯಲ್ಲಿ ಎರಡು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ. ಮುಂಬೈನ ನನ್ನ ಮನೆಗೂ ಅದಕ್ಕೂ ನಂಟು ಇರಬಹುದು ಅಂತ ಹೊಳೆದಿರಲಿಲ್ಲ.

ಇಲ್ಲಿ ಒಂದು ಮಾತು ನೆನಪಿಡಿ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲಾ ಮುಂಬೈ ಪ್ರಾಂತ್ಯದಲ್ಲೇ ಇದ್ದವು, 1956ರವರೆಗೂ. ಅಂದ್ರೆ ನಮ್ಮ ಅಜ್ಜಂದಿರಿಗೆ ಮುಂಬೈ ಪರಊರಲ್ಲ, ರಾಜಧಾನಿ. ಕರಾವಳಿಯವರು ಕಾರವಾರ, ಹೊನ್ನಾವರದ ಬಂದರಿನಿಂದ ಹಡಗು ಹತ್ತಿ ಬರ್ತಿದ್ರು. ಹಾಗೆ ಕೆಲಸ ಹುಡುಕಿ ಬಂದ ಚಿತ್ರಾಪುರ ಸಾರಸ್ವತರಲ್ಲಿ ಒಬ್ಬರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. ಮನೆಮಾತು ಕೊಂಕಣಿ, ಮೂಲ ನೆಲ ಕನ್ನಡ ಜಿಲ್ಲೆ. 1906ರಲ್ಲಿ ತಮ್ಮ ಸಮುದಾಯದ ಬಡವರಿಗೆ ನೆರವಾಗಲಿ ಅಂತ ಒಂದು ಸಹಕಾರಿ ಪತ್ತಿನ ಸಂಘ ಶುರು ಮಾಡಿ, ಅದಕ್ಕೆ ತಮ್ಮ ಗುರು ಶಾಮರಾವ್ ವಿಠ್ಠಲ್ ಕಾಯ್ಕಿಣಿಯವರ ಹೆಸರಿಟ್ಟರು. ಇವತ್ತು ಎಸ್‌ವಿಸಿ ಬ್ಯಾಂಕ್ ಅಂತ ಬೋರ್ಡ್ ನೋಡ್ತೀರಲ್ಲ, ಅದೇ ಇದು.

ಸಾಲದ ಚಿಂತೆ ಒಂದಾದ್ರೆ ಸೂರಿನ ಚಿಂತೆ ಇನ್ನೊಂದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿದಿತ್ತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಲಕ್ಷಾಂತರ ಜನ ಊರು ಬಿಟ್ಟರು. ಆಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ ಹೊಸ ರಸ್ತೆ, ಹೊಸ ಬಡಾವಣೆ ಬಿಡಿಸಿತು. ಗಾಮದೇವಿ ಅಂಥದ್ದೇ ಒಂದು ಜಾಗ. ಆದ್ರೆ ಗುಮಾಸ್ತನೊಬ್ಬ ತಾನೊಬ್ಬನೇ ಅಲ್ಲಿ ಮನೆ ಕಟ್ಟೋದು ಕನಸಿನ ಮಾತು. 1904ರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಇತ್ತು. 1912ರಲ್ಲಿ ಬಂದ ಹೊಸ ಕಾಯ್ದೆ ಬೇರೆ ಕೆಲಸಗಳಿಗೂ ಸಂಘ ಕಟ್ಟಬಹುದು ಅಂದಿತು. ತಲ್ಮಕಿಯವರು ಆ ಬಾಗಿಲಿನಿಂದ ಒಳಗೆ ಹೋದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯ್ತು. ಮುಂಬೈನ ಮೊದಲ ಸಿ.ಎಚ್.ಎಸ್. ಅದು. ಆಮೇಲೆ ತಾಡದೇವದಲ್ಲಿ ಎದ್ದ ತಲ್ಮಕಿವಾಡಿಗೆ ಅವರ ಹೆಸರೇ ಉಳೀತು.

(ಬೆಂಗಳೂರಿನವರು ಈಗಲೇ ಕಾಮೆಂಟ್ ಟೈಪ್ ಮಾಡ್ತಿರ್ತೀರಿ, ಗೊತ್ತು. ನಿಜ, 1909ರಲ್ಲೇ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಹುಟ್ಟಿತ್ತು. ಹೇಗೆ ನೋಡಿದರೂ ಸುದ್ದಿ ನಮ್ಮವರದ್ದೇ, ಜಗಳ ಬೇಡ.)

ಮುಲುಂಡಿನ ಕಥೆ ಇದಾದ ಸ್ವಲ್ಪ ಕಾಲಕ್ಕೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೋದ ಮೊದಲ ರೈಲು ಈ ಊರನ್ನ ದಾಟಿಕೊಂಡೇ ಹೋಗಿತ್ತು, ಆದ್ರೆ ಊರು ಅನ್ನೋ ಹಾಗೆ ಆದದ್ದು 1922ರ ಹೊತ್ತಿಗೆ. ಜಮೀನುದಾರ ಝವೇರಭಾಯಿ ರಾಮ್‌ಜಿ ಶೇಠ್ ಅವರಿಗಾಗಿ ಕ್ರೌನ್ ಅಂಡ್ ಕಾರ್ಟರ್ ಅನ್ನೋ ಆರ್ಕಿಟೆಕ್ಟರು ಸ್ಟೇಷನ್ನಿನಿಂದ ಪಾಂಚ್ ರಸ್ತಾವರೆಗೆ ಚೌಕುಳಿ ಹಾಕಿದಂತೆ ರಸ್ತೆ ಎಳೆದರು. ದೇಶ ವಿಭಜನೆಯಾದಾಗ ನಿರಾಶ್ರಿತರು ಬಂದು ಮುಲುಂಡ್ ಕಾಲೋನಿ ಆಯ್ತು. 1957ರಲ್ಲಿ ಊರು ಬೃಹನ್ಮುಂಬೈಗೆ ಸೇರಿತು. ಆಗ್ರಾ ರಸ್ತೆಯ ಉದ್ದಕ್ಕೂ, ಅಂದ್ರೆ ಈಗಿನ ಎಲ್‌ಬಿಎಸ್ ರಸ್ತೆ, ಕಾರ್ಖಾನೆಗಳು ಬಂದವು. ಅಲ್ಲಿಗೆ ಕೆಲಸಕ್ಕೆ ಬಂದವರು ನಮ್ಮ ಕಾಕಾನಂಥವರು. ನಮ್ಮ ಮಹಡಿಯಲ್ಲೇ ನೋಡಿ: ಒಂದು ಮನೆ ಮರಾಠಿ, ಒಂದು ಕಚ್ಛಿ, ಒಂದು ತಮಿಳು, ಒಂದು ನಾನು.

ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆ 1960ರದ್ದು. 1963ರಲ್ಲಿ ಫ್ಲ್ಯಾಟ್ ಮಾಲೀಕತ್ವದ ಕಾಯ್ದೆ ಬಂತು: ಬಿಲ್ಡರ್ ಮನೆ ಮಾರಿದ ಮೇಲೆ ಕೊಂಡವರ ಸೊಸೈಟಿ ಮಾಡಿಸಿ, ನೆಲವನ್ನೂ ಆ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಹಾಗಾಗಿ ನನ್ನ ಮನೆಯ ಹಕ್ಕಿನ ಕಾಗದ ಅಂದ್ರೆ ಒಂದು ಷೇರು ಸರ್ಟಿಫಿಕೇಟು. 50 ರೂಪಾಯಿಯ ಐದು ಷೇರು, ಒಟ್ಟು 250 ರೂಪಾಯಿ. ನನ್ನ ಗೃಹಸಾಲದ ಕಂತು ನೋಡಿ, ಆ ಸರ್ಟಿಫಿಕೇಟು ನೋಡಿದರೆ ನಗು ಬರುತ್ತೆ. ಆದ್ರೆ ಮರ್ಮ ಇರೋದು ಅದರಲ್ಲೇ. ಒನ್ ಬಿಎಚ್‌ಕೆ ಇರಲಿ, ಟೂ ಬಿಎಚ್‌ಕೆ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಮುಯ್ಯಾಳಿನ ಲೆಕ್ಕವನ್ನ ಕಾಗದಕ್ಕೆ ಇಳಿಸಿದ ಹಾಗೆ ಅನ್ನಿಸ್ತು ನನಗೆ.

ಕಾಯ್ದೆ ಇದ್ದ ಮಾತ್ರಕ್ಕೆ ನೆಲ ಕೈಗೆ ಬರಲ್ಲ. ನಮ್ಮ ಕಟ್ಟಡ ಕಟ್ಟಿದವರು ನೆಲ ಬರೆದುಕೊಡದೇ ಮರೆಯಾದರು. ಮುಂಬೈನಲ್ಲಿ ಇದು ಮನೆಮನೆ ಕಥೆ, ಅದಕ್ಕೇ 2008ರಲ್ಲಿ ತಿದ್ದುಪಡಿ ತಂದು, ಬಿಲ್ಡರ್ ಬಾರದಿದ್ದರೂ ಸೊಸೈಟಿ ತಾನೇ ಹಕ್ಕು ಪಡೆಯೋ ದಾರಿ ಮಾಡಿದ್ರು. ಮಿನಿಟ್ಸ್ ಪುಸ್ತಕದಲ್ಲಿ ಆ ವರ್ಷಗಳ ಪುಟ ತಿರುವಿದರೆ ಮತ್ತೆ ಮತ್ತೆ ಒಂದೇ ವಾಕ್ಯ: ಕಾಗದ ತರಲು ಕಾಕಾ ಮತ್ತು ಎದುರು ಮನೆ ಮಾಮಿ ಹೋಗಿದ್ದರು, ಕೆಲಸ ಆಗಲಿಲ್ಲ, ಮುಂದಿನ ವಾರ ಬರಹೇಳಿದ್ದಾರೆ. ಬಸ್ ಖರ್ಚು ಇಷ್ಟು. ಚಹಾ ಖರ್ಚು ಸ್ವಂತದ್ದು. ಇವತ್ತು ಬಿಲ್ಡರುಗಳು ನಮ್ಮ ಮುಂದೆ ಬಂದು ಕೂತು ಹೆಚ್ಚಿನ ಚದರಡಿ ಕೊಡ್ತೀವಿ ಅಂತಿದ್ದಾರಲ್ಲ, ಅದು ನೆಲ ನಮ್ಮದಾಗಿರೋದ್ರಿಂದ. ನೆಲ ನಮ್ಮದಾದದ್ದು ಇವರಿಬ್ಬರು ಮೆಟ್ಟಿಲು ಹತ್ತಿ ಇಳಿದದ್ದರಿಂದ.

ಅಂದಹಾಗೆ, ಈ ಇತಿಹಾಸವನ್ನ ಬರೀ ಹೊಗಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಗಾಮದೇವಿಯ ಸೊಸೈಟಿ ಸಾರಸ್ವತರಿಗೆ ಮಾತ್ರ. ಅದರ ಹಿಂದೆ ಬಂದ ಎಷ್ಟೋ ಸೊಸೈಟಿಗಳಿಗೂ ಹೀಗೇ ಒಂದೊಂದು ಬೇಲಿ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಸೊಸೈಟಿಯ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನ ತಮ್ಮವರಿಗೇ ಮೀಸಲಿಡೋ ಬೈಲಾ ಇಟ್ಟುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿತು. ನಾನು ಬಾಡಿಗೆ ಮನೆ ಹುಡುಕುವಾಗ ಇದೇ ಮುಲುಂಡಿನಲ್ಲಿ ಮೂರು ಕಡೆ "ಊಟ ಏನು ಮಾಡ್ತೀರಿ?" ಅಂತ ಕೇಳಿ ಬಾಗಿಲು ಹಾಕಿದ್ರು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಅನುಭವ ಆಗಿಲ್ಲ? ಊರು ಬಿಟ್ಟು ಬಂದವನಿಗೆ ಆಸರೆಯಾಗಲಿ ಅಂತ ಕಟ್ಟಿದ್ದೇ ಇನ್ನೊಬ್ಬ ಊರು ಬಿಟ್ಟವನಿಗೆ ಗೋಡೆಯಾಯ್ತು. ನಮ್ಮ ಕಟ್ಟಡಕ್ಕೆ ಆ ಬೇಲಿ ಬರಲಿಲ್ಲ. ಕಾರ್ಖಾನೆಯ ಶಿಫ್ಟಿನಲ್ಲಿ ಒಟ್ಟಿಗೆ ದುಡಿದವರು ಒಟ್ಟಿಗೆ ಮನೆ ತಗೊಂಡ್ರು, ಜಾತಿ ಕೇಳೋ ಮೊದಲೇ ಡಬ್ಬಿ ಹಂಚಿಕೊಂಡಾಗಿತ್ತು.

ಈಗ ಟೆರೇಸಿಗೆ ಬನ್ನಿ. ಕಟ್ಟಡದ ನಿಜವಾದ ಬದುಕು ಅಲ್ಲೇ ಇರೋದು. ಬೇಸಿಗೆಯಲ್ಲಿ ಅವ್ವ ಊರಿಂದ ಬಂದಾಗ ಶ್ಯಾವಿಗೆ, ಸಂಡಿಗೆ ಮಾಡ್ತಾಳೆ. ಮೊದಲ ವರ್ಷ ಹಳೇ ಸೀರೆ ಹಾಸಿ ಸಂಡಿಗೆ ಇಡೋಕೆ ಹೋದವಳು ಕಾಕುವಿನ ಹಪ್ಪಳ ಆಗಲೇ ಒಣಗ್ತಿರೋದು ನೋಡಿ ಕೆಳಗೆ ಬಂದು, "ಇವರೂ ನಮ್ಮಂಗ ಮಾಡ್ತಾರಲ್ಲೋ" ಅಂದಳು. ಅವ್ವನಿಗೆ ಮರಾಠಿ ಬರಲ್ಲ, ಕಾಕುಗೆ ಕನ್ನಡ ಬರಲ್ಲ. ಇಬ್ಬರೂ ಕೋಲು ಹಿಡಿದು ಕಾಗೆ ಓಡಿಸ್ತಾ ದಿನವಿಡೀ ಮಾತಾಡ್ತಾರೆ. ಈ ಊರಿನ ಟೆರೇಸನ್ನ ಹಗುರ ಮಾಡಬೇಡಿ. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಟೆರೇಸ್ ಮೇಲೆ ಏಳು ಜನ ಗುಜರಾತಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸೋಕೆ ಕೂತರು, ಅದೇ ಲಿಜ್ಜತ್ ಆಯ್ತು. ಹಿಟ್ಟು ಒಯ್ದು ಮನೆಯಲ್ಲಿ ಲಟ್ಟಿಸಿ ತಂದುಕೊಡೋ ಆ ಪದ್ಧತಿಯಲ್ಲಿ ದುಡಿಯೋ ಹೆಂಗಸರೇ ಮಾಲಕಿಯರು.

ದೀಪಾವಳಿಗೆ ಹತ್ತು ದಿನ ಮುಂಚೆ ಕಾಕಾ ಬಿದಿರು ಸೀಳಿ ಕಡ್ಡಿ ಮಾಡಿಡ್ತಾರೆ. ಹುಡುಗರು ಮೈದಾ ಅಂಟು ಕುದಿಸಿ, ಗಾಳಿಪಟದ ಕಾಗದ ಹಚ್ಚಿ, ಮನೆಗೊಂದರಂತೆ ಹದಿನಾರು ಕಂದೀಲು ಮಾಡ್ತಾರೆ. ನಮ್ಮ ಕಡೆ ಇದನ್ನೇ ಆಕಾಶಬುಟ್ಟಿ ಅಂತೀವಿ, ಮಂಗಳೂರಿನವರು ಗೂಡುದೀಪ ಅಂತಾರೆ. ಗೇಟಿನ ಪಕ್ಕ ಮಣ್ಣು, ಗೋಣಿಚೀಲದಲ್ಲಿ ಶಿವಾಜಿಯ ಕೋಟೆ ಏಳುತ್ತೆ. ಮಣ್ಣಿಗೆ ಸಾಸಿವೆ ಎರಚಿದರೆ ಹಬ್ಬದ ಹೊತ್ತಿಗೆ ಗುಡ್ಡವೆಲ್ಲ ಹಸಿರು. ಆನ್‌ಲೈನಿನಲ್ಲಿ ಎಲ್‌ಇಡಿ ಕಂದೀಲು ತರಿಸಿದ್ದ ವರ್ಷ ನನ್ನ ಮಗಳು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು.

2019ರ ಸರ್ಕಾರಿ ಆದೇಶದ ಪ್ರಕಾರ ಮರುನಿರ್ಮಾಣಕ್ಕೆ ಶೇ. 51ರಷ್ಟು ಸದಸ್ಯರು ಒಪ್ಪಿದರೆ ಸಾಕು. ಕಾನೂನಿನ ಪ್ರಕಾರ ಕಾಕಾ ಸಹಿ ನಮಗೆ ಬೇಕಾಗೇ ಇರಲಿಲ್ಲ. ಕಮಿಟಿಯಲ್ಲಿ ಒಬ್ಬರು ಹಾಗಂದರೂ ಕೂಡ. ನಾನು ಮಿನಿಟ್ಸ್ ಪುಸ್ತಕ ಹಿಡ್ಕೊಂಡು ಮೇಲೆ ಹೋದೆ. ಕಟ್ಟಡದ ಕಂಬಗಳಲ್ಲಿ ಕಬ್ಬಿಣ ಕಾಣ್ತಿದೆ, ಕಾಕುಗೆ ಮೊಣಕಾಲು ನೋವು, ಮೆಟ್ಟಿಲು ಆಗಲ್ಲ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳಿದ್ದು ಬೇರೆ.

"ಇಪ್ಪತ್ತೆರಡು ಮಹಡಿ ಅಂತೀರಿ. ಟೆರೇಸಿನ ಬೀಗದ ಕೈ ಯಾರ ಹತ್ರ ಇರುತ್ತೆ?"

ನಾನು ಕರಡು ಒಪ್ಪಂದ ತೆಗೆದು ನೋಡಿದೆ. ಜಿಮ್ ಇತ್ತು, ಪಾರ್ಟಿ ಹಾಲ್ ಇತ್ತು, ಸೋಲಾರ್ ಇತ್ತು. ಟೆರೇಸನ್ನ ಸದಸ್ಯರು ಬಳಸಬಹುದೋ ಇಲ್ಲವೋ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ನಲವತ್ತು ಪುಟವನ್ನ ನಾಲ್ಕು ಸಲ ಓದಿದ್ದವನು ನಾನು! ಟೆರೇಸಿನ ಒಂದು ಭಾಗ ಎಲ್ಲಾ ಸದಸ್ಯರಿಗೂ ತೆರೆದಿರಬೇಕು, ಬೀಗದ ಕೈ ಸೊಸೈಟಿಯ ಹತ್ತಿರವೇ ಇರಬೇಕು ಅಂತ ಒಂದು ಕಲಮು ಬರೆದು ವಕೀಲರಿಗೆ ಕಳಿಸಿದ್ದೀವಿ. ಅದು ಸೇರಿದರೆ ಸಹಿ ಹಾಕ್ತೀನಿ ಅಂದಿದ್ದಾರೆ ಕಾಕಾ. ಬಿಲ್ಡರ್ ಕಡೆಯಿಂದ ಉತ್ತರ ಬಂದಿಲ್ಲ. ಸಭೆ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಟೆರೇಸ್ ಮೇಲೆ. ಬೆಲ್ಲಿನ ಬ್ಯಾಟರಿ ಬದಲಾಯಿಸೋದು ಹೇಗೆ ಅಂತ ಅವತ್ತೇ ತೋರಿಸಿಕೊಡ್ತೀನಿ ಅಂದಿದ್ದಾರೆ.