ಕಡತದ ಮಡಿಕೆಗಳು

ಜಂಗಮಕೋಟೆ ಹೋಬಳಿಯಲ್ಲಿ ಜಮೀನಿನ ದಾಖಲೆಯಾದ ಪಹಣಿಗೆ ಪಾಣಿ ಎನ್ನುವುದೇ ರೂಢಿ. ಕಚೇರಿಯಲ್ಲೂ ಕಡತಕ್ಕೆ ಬಾಯಲ್ಲಿ ಬರುವುದು ಫೈಲು. ಕಡತ ಎಂಬ ಪದ ಉಳಿದಿರುವುದು ಹೆಚ್ಚಾಗಿ ಸರ್ಕಾರಿ ಬರವಣಿಗೆಯಲ್ಲಿ, ಅದೂ ದಾರ ಕಟ್ಟಿದ ಹಾಳೆಗಳ ಕಟ್ಟಿನ ಹೆಸರಾಗಿ. ಮೂಲದ ಕಡತದಲ್ಲಾದರೋ ಹಾಳೆಯೇ ಇರಲಿಲ್ಲ.

ಅದು ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಕಲಸಿ ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುತ್ತಿದ್ದುದು ಬಳಪದಲ್ಲಿ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದರ ಉದ್ದವನ್ನು 12ರಿಂದ 18 ಅಡಿ ಎನ್ನುತ್ತಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಕಡಿತ ಎಂಬ ರೂಪವೂ ಉಂಟು. ‘ಕಡಿ’ಯಿಂದ ಬಂತೆನ್ನುವುದು ಸುಲಭದ ಊಹೆ, ಕಡಿಯದೆ ಮಡಚುವ ವಸ್ತುವಿಗೆ ಅದು ನನಗೇಕೋ ಒಗ್ಗುವುದಿಲ್ಲ.

ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ಅದರಲ್ಲಿ ಬರೆದ ಲೆಕ್ಕದ ಸಾಚಾತನ ನಿಂತಿದ್ದುದು ಕಡತವನ್ನು ಇಟ್ಟುಕೊಂಡ ಒಬ್ಬನ ಮೇಲೆ. 2008ರಲ್ಲಿ ಸತೋಶಿ ನಕಮೊಟೊ ಹೆಸರಿನಲ್ಲಿ ಬಂದ, ಡಿಜಿಟಲ್ ಹಣ ಬಿಟ್‌ಕಾಯಿನ್ ಬರಹ ಈ ‘ಒಬ್ಬನ’ನ್ನೇ ತೆಗೆದುಹಾಕಲು ಹೊರಟಿತು. ಅದರ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಬ್ಲಾಕ್‌ಚೈನ್‌ನಲ್ಲಿ ಪ್ರತಿ ಬ್ಲಾಕಿನೊಳಗೆ ಅದರ ಹಿಂದಿನದರ ಹ್ಯಾಶ್, ಅಂದರೆ ಆ ಬ್ಲಾಕಿನ ಮಾಹಿತಿಯಿಂದಲೇ ಲೆಕ್ಕಹಾಕಿದ ಗುರುತು, ಇರುತ್ತದೆ. ಹಳೆಯ ಒಂದು ಅಂಕಿ ತಿದ್ದಿದರೂ ಮುಂದಿನವು ತಾಳೆ ತಪ್ಪುತ್ತವೆ. ಪ್ರತಿಗಳು ಹಲವು ಕಂಪ್ಯೂಟರುಗಳಲ್ಲಿ ಇರುವುದರಿಂದ ಕದ್ದು ತಿದ್ದಿದ್ದು ಉಳಿದವರ ಕಣ್ಣಿಗೆ ಬೀಳುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿದ್ದು 2000ದ ಆಸುಪಾಸಿನಲ್ಲಿ. ಅದು ಬ್ಲಾಕ್‌ಚೈನ್ ಅಲ್ಲ. ಆದರೆ 2020ರಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಈ ತಂತ್ರಜ್ಞಾನಕ್ಕೆಂದೇ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಅಂಕಪಟ್ಟಿಯಂಥ ಪ್ರಮಾಣಪತ್ರಗಳಿಗೆ ಬ್ಲಾಕ್‌ಚೈನ್ ಚೆನ್ನಾಗಿ ಹೊಂದುತ್ತದೆ: ಕೊಟ್ಟವರು ಯಾರೆಂಬುದು ಖಚಿತ, ಬರೆದದ್ದು ಬದಲಾಗಬೇಕಿಲ್ಲ.

ಜಮೀನಿನದು ಬೇರೆ ಕತೆ. ಪೌತಿ ಖಾತೆಯಾಗದೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಗದೆ, ಪಹಣಿಯಲ್ಲಿ ತೀರಿಹೋದ ತಾತನ ಹೆಸರೇ ಉಳಿದಿದ್ದರೆ, ಬ್ಲಾಕ್‌ಚೈನ್ ಆ ತಾತನನ್ನೇ ನಿಷ್ಠೆಯಿಂದ ಕಾಯುತ್ತದೆ. ತಿದ್ದುಪಡಿ ಬಂದರೆ ಹೊಸ ನಮೂದಾಗಿ ಕೊನೆಗೆ ಸೇರಬೇಕು, ಹಳೆಯದೂ ಹಾಗೇ ಇರುತ್ತದೆ. ಆ ಹೊಸ ನಮೂದಿಗೆ ಮುಂಚೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು, ವಂಶವೃಕ್ಷ ನೋಡಿ, ವಾರಸುದಾರರನ್ನೆಲ್ಲ ಕರೆಸಿ ಕೇಳಲೇಬೇಕು.